ಉಸ್ತಾದರು ಹೇಳಿದ್ದು, ಗೋದುಬಾಯಿ ಮಾಡಿದ್ದು

ಹಳಿಯಾಳದಲ್ಲಿ ಗರಡಿಮನೆಗೆ ಅಂಟಿಕೊಂಡಿರುವ ಒಂದು ಮನೆಯ ನಡುಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿದೆ. ಹಗ್ಗದ ಮೇಲೆ ಹಳೆಯ ಇಳಕಲ್ ಸೀರೆಯೊಂದು ಪರದೆಯಾಗಿ ಇಳಿಬಿದ್ದಿದೆ. ಬುಧವಾರ ಮತ್ತು ಶನಿವಾರ ಮಧ್ಯಾಹ್ನ ಮೂರರಿಂದ ಐದರವರೆಗೆ ಪರದೆಯ ಆಚೆ ಉಸ್ತಾದ ಶಂಕ್ರಪ್ಪನವರು ಗೋಡೆಗೆ ಮುಖ ಮಾಡಿ, ಕಣ್ಣು ಮುಚ್ಚಿ, ಮಣೆಯ ಮೇಲೆ ಕುಳಿತಿರುತ್ತಿದ್ದರು. ಈಚೆ ಅವರ ಹೆಂಡತಿ ಗೋದುಬಾಯಿ, ಮತ್ತು ಕೈಯನ್ನೋ ಕಾಲನ್ನೋ ಸೊಂಟವನ್ನೋ ಉಳುಕಿಸಿಕೊಂಡು ಬಂದ ಒಬ್ಬ ಹೆಂಗಸು. ಉಸ್ತಾದರು ಹೇಳಬೇಕು, ಗೋದುಬಾಯಿ ಮಾಡಬೇಕು. ಪರಸ್ತ್ರೀಯನ್ನು ಮುಟ್ಟದೆ ಚಿಕಿತ್ಸೆ ಕೊಡಲು ಉಸ್ತಾದರು ಕಂಡುಕೊಂಡ ಈ ಪದ್ಧತಿ ಇಪ್ಪತ್ತಾರು ವರ್ಷ ನಡೆಯಿತು.

ಪರದೆ ಇದ್ದ ಮೇಲೆ ಗೋಡೆಗೆ ಮುಖ ಮಾಡುವುದೇಕೆ, ಗೋಡೆಗೆ ಮುಖ ಮಾಡಿದ ಮೇಲೆ ಕಣ್ಣು ಮುಚ್ಚುವುದೇಕೆ ಎಂದು ಯಾರೋ ಕೇಳಿದ್ದಕ್ಕೆ ಉಸ್ತಾದರು, "ಒಂದು ಕಟ್ಟು ಸಡ್ಲಾದ್ರ ಇನ್ನೊಂದು ಇರಲಿ ಅಂತ" ಎಂದಿದ್ದರು.

ಉಸ್ತಾದರು ಹೇಳಿದ್ದರಲ್ಲಿ ಒಂದನ್ನೂ ಗೋದುಬಾಯಿ ಮಾಡುತ್ತಿರಲಿಲ್ಲ. ಇದು ಆ ಓಣಿಯ ಹೆಂಗಸರಿಗೆಲ್ಲ ಗೊತ್ತಿತ್ತು. ಗಂಡಸರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಗೋದುಬಾಯಿ ಮುಂಡಗೋಡ ತಾಲ್ಲೂಕಿನ ಪಾಳಾದವರು. ಹದಿನೇಳನೆಯ ವಯಸ್ಸಿನಲ್ಲಿ ದಿನಾ ಬಸ್ಸು ಹಿಡಿದು ಮುಂಡಗೋಡದ ಹೊಲಿಗೆ ತರಗತಿಗೆ ಹೋಗಿ ಜಂಪರ್ ಹೊಲಿಯುವುದನ್ನು ಕಲಿತರು. ಅಲ್ಲಿಯ ಟೀಚರು ಕಲಿಸಿದ ಮೊದಲ ಪಾಠ: ಎರಡೂ ಭುಜಗಳನ್ನು ಬೇರೆಬೇರೆಯಾಗಿ ಅಳೆಯಬೇಕು. ಒಂದನ್ನು ಅಳೆದು ಇನ್ನೊಂದೂ ಅಷ್ಟೇ ಎಂದು ಬರೆದುಕೊಂಡವಳ ಜಂಪರ್ ವಾಪಸ್ ಬರುತ್ತದೆ. ಗೋದುಬಾಯಿಯ ಅಳತೆ ಪುಸ್ತಕದಲ್ಲಿ ಪ್ರತಿ ಹೆಂಗಸಿಗೆ ಒಂದು ಪುಟ, ಪ್ರತಿ ಪುಟದಲ್ಲಿ ಎಡ ಒಂದು ಸಾಲು, ಬಲ ಒಂದು ಸಾಲು, ಮೇಲೆ ತಾರೀಕು. ಮೂವತ್ತು ವರ್ಷಗಳಲ್ಲಿ ಅಂಥ ಹನ್ನೊಂದು ಪುಸ್ತಕಗಳಾಗಿದ್ದವು. ಕೂಸನ್ನು ಎಡಸೊಂಟದ ಮೇಲೆ ಹೊರುವವಳ ಎಡಭುಜ ಅರ್ಧ ಇಂಚು ಮೇಲಿರುತ್ತದೆ. ಹೆರಿಗೆಯಾದವಳ ಪಕ್ಕೆಯ ಸುತ್ತಳತೆ ಮೊದಲಿನಷ್ಟಕ್ಕೆ ಬರಲು ತಿಂಗಳುಗಳೇ ಬೇಕು. ಕೆಲವರಿಗೆ ಬರುವುದೇ ಇಲ್ಲ. ಮುಟ್ಟು ನಿಂತು ಹತ್ತು ವರ್ಷವಾದವಳಿಗೆ ಜಂಪರಿನ ಬೆನ್ನು ಉದ್ದ ಬೇಕು, ಎದೆ ಗಿಡ್ಡ ಸಾಕು. ಇವನ್ನೆಲ್ಲ ಅವರು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಟೇಪು ಹೇಳಿದ್ದನ್ನು ಬರೆದುಕೊಂಡಿದ್ದರು, ಅಷ್ಟೆ.

ಶಂಕ್ರಪ್ಪನವರ ತಂದೆ ಧಾರವಾಡ ಕಡೆಯಿಂದ ದಾಂಡೇಲಿಯ ಕಾಗದ ಕಾರ್ಖಾನೆಗೆ ಕೆಲಸಕ್ಕೆ ಬಂದವರು. ಮಗ ಕುಸ್ತಿಯ ಹುಚ್ಚು ಹಿಡಿದು ಹಳಿಯಾಳಕ್ಕೆ ಬಂದ, ಗೆದ್ದ, ಸೋತ, ಕಡೆಗೆ ಉಸ್ತಾದನಾದ. ಪೈಲ್ವಾನರ ಉಳುಕು ಕೂರಿಸುವುದರಲ್ಲಿ ಅವರ ಕೈ ನಿಜಕ್ಕೂ ಒಳ್ಳೆಯದು. ಅವರ ಸಿದ್ಧಾಂತ ಒಂದೇ ಸಾಲಿನದು. "ಮನಷ್ಯಾನ ಮೈ ಒಂದ. ಎಲಬು ಎಣಿಸಿ ನೋಡ್ರಿ, ಗಂಡಿಗೂ ಅಷ್ಟ, ಹೆಣ್ಣಿಗೂ ಅಷ್ಟ."

ಎಣಿಕೆ ಸರಿಯಾಗಿಯೇ ಇತ್ತು.

ಮೊದಲು ಬಂದವಳು ಪಕ್ಕದ ಮನೆಯ ಗುರುಸಿದ್ದವ್ವ. ಹೆರಿಗೆಯಾಗಿ ಇಪ್ಪತ್ತನಾಲ್ಕನೆಯ ದಿನ ನಲ್ಲಿಯ ಹತ್ತಿರ ಜಾರಿ ಬಿದ್ದು ಏಳಲಾಗದೆ ಇದ್ದಳು. ಗಂಡ ಬಂದು ಉಸ್ತಾದರ ಕಾಲು ಹಿಡಿದ. ಅಂದೇ ಹಗ್ಗ ಕಟ್ಟಿದ್ದು.

"ಬೋರಲ ಮಲಗಸು," ಎಂದರು ಉಸ್ತಾದರು ಗೋಡೆಗೆ.

ಗೋದುಬಾಯಿ ಗುರುಸಿದ್ದವ್ವನನ್ನು ನೋಡಿದರು. ಎದೆಹಾಲು ಉಕ್ಕಿ ಜಂಪರ್ ತೊಯ್ದಿತ್ತು. ಆ ಜಂಪರಿನ ಅಳತೆ ಅವರೇ ತೆಗೆದದ್ದು. ಇವಳನ್ನು ಬೋರಲು ಮಲಗಿಸುವುದು ಹೇಗೆ?

"ಮಲಗಿಸಿದೆ ರೀ," ಎಂದರು.

"ನಡದ ಮ್ಯಾಲ ಹತ್ತಿ ನಿಲ್ಲು. ಹಿಮ್ಮಡ ಎಲಬಿನ ಎಡಕ್ಕಿರಲಿ."

ಮೂಲೆಯಲ್ಲಿ ಭತ್ತದ ಹೊಟ್ಟು ತುಂಬಿದ ಚೀಲವಿತ್ತು. ಗೋದುಬಾಯಿ ಅದರ ಮೇಲೆ ಹತ್ತಿ ನಿಂತರು. ಚೀಲ ಸರಸರ ಸದ್ದು ಮಾಡಿತು.

"ಕಟ್ ಅಂತೇನು?"

ಸದ್ದು ಕೇಳುವವರೆಗೆ ಉಸ್ತಾದರು ಏಳುವುದಿಲ್ಲ ಎಂಬುದು ಗೋದುಬಾಯಿಗೆ ಗೊತ್ತಿತ್ತು. ಬಾಗಿಲ ಹಿಂದೆ ಮೊರದಲ್ಲಿ ಸಿಪ್ಪೆ ಬಿಡಿಸಲು ಇಟ್ಟಿದ್ದ ಒಣ ಹುಣಸೆಕಾಯಿ ಇದ್ದವು. ಒಂದನ್ನು ಮುರಿದರು.

"ಹಾಂ, ಕುಂತತು," ಎಂದು ಉಸ್ತಾದರು ತೃಪ್ತಿಯಿಂದ ಎದ್ದು ಗರಡಿಗೆ ಹೋದರು. ಗುರುಸಿದ್ದವ್ವನಿಗೆ ನಗು ತಡೆಯಲಾಗದೆ ಬೆನ್ನು ಇನ್ನಷ್ಟು ನೋಯಿತು.

ಅವರು ಹೋದ ಮೇಲೆ ಗೋದುಬಾಯಿ ಅವಳನ್ನು ಮಗ್ಗುಲಿಗೆ ಮಲಗಿಸಿ ಮೊಣಕಾಲುಗಳ ನಡುವೆ ದಿಂಬು ಇಟ್ಟರು. ಉಸಿರನ್ನು ಮೆಲ್ಲಗೆ ಬಿಡುತ್ತಾ ಕೆಳಹೊಟ್ಟೆಯನ್ನು ಒಳಗೆ ಎಳೆದುಕೊಳ್ಳಲು ಕಲಿಸಿದರು. ಏಳುವಾಗ ಮೊದಲು ಮಗ್ಗುಲಾಗಬೇಕು, ಆಮೇಲೆ ಕೈ ಊರಿ ಏಳಬೇಕು ಎಂದರು. ಕೂಸಿಗೆ ಹಾಲು ಕೊಡುವಾಗ ತಾನು ಬಾಗದೆ ಕೂಸನ್ನೇ ಎತ್ತರಕ್ಕೆ ಇಟ್ಟುಕೊಳ್ಳಬೇಕು ಎಂದರು. ಮೂರು ವಾರದಲ್ಲಿ ಗುರುಸಿದ್ದವ್ವ ನೆಟ್ಟಗೆ ನಡೆದಳು. ಅವಳ ಗಂಡ ಗರಡಿಯಲ್ಲಿ ಎಲ್ಲರೆದುರು ಉಸ್ತಾದರಿಗೆ ನಮಸ್ಕಾರ ಮಾಡಿದ. ಬಾಣಂತಿಯ ಬೆನ್ನಿನ ಮೇಲೆ ಹೆಂಡತಿಯನ್ನು ನಿಲ್ಲಿಸಿ ವಾಸಿ ಮಾಡಿದ ಉಸ್ತಾದ ಎಂಬ ಹೆಸರು ಜೋಯಿಡಾದವರೆಗೆ ಹಬ್ಬಿತು.

ಆಮೇಲೆ ಬಂದವರಿಗೆಲ್ಲ ಪರದೆಯ ಆಚೆಯಿಂದ ಐವತ್ತು ಸಲ ಕೂತೇಳುವ ಬೈಠಕ್, ಇಲ್ಲವೆ ಕೀಲು ಹಿಡಿದು ಜಗ್ಗುವ ಒಂದು ಝಟಕಾ. ಈಚೆಯಿಂದ ಒಂದು ಹುಣಸೆಕಾಯಿ. ಉಸ್ತಾದರು ಎದ್ದು ಹೋದ ಮೇಲೆ ಚಿಕಿತ್ಸೆ ಆರಂಭ. ಗೋದುಬಾಯಿ ಮೊದಲು ಟೇಪು ಹಿಡಿದು ಅಳೆಯುತ್ತಿದ್ದರು, ಆಮೇಲೆ ಕೇಳುತ್ತಿದ್ದರು: ನೀರು ಎಷ್ಟು ಕೊಡ, ಎಷ್ಟು ದೂರ? ಒಲೆ ನೆಲದ ಮೇಲೋ ಕಟ್ಟೆಯ ಮೇಲೋ? ಹೆರಿಗೆ ಎಷ್ಟು? ಮುಟ್ಟು ಬರುತ್ತದೋ ನಿಂತಿತೋ? ಕೆಮ್ಮಿದರೆ ಮೂತ್ರ ಜಿನುಗುತ್ತದೋ? ಈ ಕಡೆಯ ಪ್ರಶ್ನೆಯನ್ನು ಜೀವಮಾನದಲ್ಲಿ ಯಾರೂ ತಮಗೆ ಕೇಳಿಲ್ಲ ಎಂದು ಹಲವರು ಅತ್ತಿದ್ದರು.

ವಿಶ್ರಾಂತಿ ತೆಗೆದುಕೋ ಎಂದು ಮಾತ್ರ ಅವರು ಯಾರಿಗೂ ಹೇಳಲಿಲ್ಲ. ಹೇಳಿ ಪ್ರಯೋಜನವಿಲ್ಲ. "ಹಾಡಹಗಲ ಕಾಲೆತ್ತಿ ಮಲಗಿದ್ರ ನಮ್ಮತ್ತಿ ದೆವ್ವ ಬಡದೈತಿ ಅಂತಾಳ ಕಾಕೂ," ಎಂದಿದ್ದಳು ಒಬ್ಬಳು. ಅವಳಿಗೆ ಗೋದುಬಾಯಿ ಗೋಡೆಗೆ ಒರಗಿ ಕಾಲು ಚಾಚಿ ಬೆಳ್ಳುಳ್ಳಿ ಬಿಡಿಸಲು ಹೇಳಿದರು. ಒಂದೊಂದು ಎಸಳಿಗೂ ಕಾಲನ್ನು ಒಂದು ಗೇಣು ಎತ್ತಿ ಇಳಿಸಬೇಕು. ಮೊಣಕಾಲು ವಾಸಿಯಾಯಿತು. ಆದರೆ ಆ ಮನೆಯಲ್ಲಿ ಎರಡು ತಿಂಗಳು ಸಾರು, ಪಲ್ಯ, ಚಟ್ನಿ ಎಲ್ಲಕ್ಕೂ ಬೆಳ್ಳುಳ್ಳಿಯೇ. ಭುಜ ಹಿಡಿದುಕೊಂಡಿದ್ದ ಇನ್ನೊಬ್ಬಳಿಗೆ ಬಟ್ಟೆ ಒಣಹಾಕುವ ಹಗ್ಗವನ್ನು ವಾರಕ್ಕೆ ಎರಡು ಬೆರಳು ಮೇಲೆ ಕಟ್ಟಲು ಹೇಳಿದರು. ಹತ್ತು ವಾರಕ್ಕೆ ಕೈ ಪೂರ್ತಿ ಮೇಲೆ ಹೋಯಿತು, ಮತ್ತು ಆ ಮನೆಯ ಗಂಡಸರ ಅಂಗಿಗಳು ಗಂಡಸರಿಗೆ ಎಟುಕದಾದವು.

ಹೀಗಿರುವಾಗ ಮಧುಮತಿ ಬಂದಳು. ದಾಂಡೇಲಿಯವಳು, ಫಿಜಿಯೋಥೆರಪಿ ಓದಿದವಳು. ಒಂದು ಸೇವಾ ಸಂಸ್ಥೆಯ ಪರವಾಗಿ ಸುತ್ತಲಿನ ಹಳ್ಳಿಗಳ ಹೆಂಗಸರಿಗೆ ವಾರದ ಶಿಬಿರ ನಡೆಸುತ್ತಿದ್ದಳು. ಸಂಸ್ಥೆ ಅವಳಿಗೆ ಐನೂರು ವ್ಯಾಯಾಮದ ಹಾಳೆಗಳನ್ನು ಕೊಟ್ಟಿತ್ತು. ಹಾಳೆಯಲ್ಲಿ ಹತ್ತು ಚಿತ್ರ. ಹತ್ತರಲ್ಲೂ ಚಡ್ಡಿ ತೊಟ್ಟ, ಅಂಗಿಯಿಲ್ಲದ ಒಬ್ಬನೇ ಗಂಡಸು. ಅದನ್ನು ಮನೆಗೆ ಒಯ್ದ ಹೆಂಗಸರಲ್ಲಿ ಒಬ್ಬಳನ್ನು ಗಂಡ, "ಇಂವ ಯಾರು?" ಎಂದು ಎರಡು ದಿನ ವಿಚಾರಿಸಿದ. ಎರಡನೆಯ ವಾರಕ್ಕೆ ಶಿಬಿರಕ್ಕೆ ಬರುವವರು ಅರ್ಧವಾದರು. ಎಲ್ಲಿ ಹೋದರು ಎಂದರೆ, "ಉಸ್ತಾದ್ರ ಕಡೆ ರೀ ಮೇಡಂ."

ಮಧುಮತಿ ಸಿಟ್ಟಾಗಲಿಲ್ಲ. ಅಳೆಯಲು ಹೊರಟಳು. ಉಸ್ತಾದರ ಅನುಮತಿ ಪಡೆದು ನಲವತ್ತೊಂದು ಹೆಂಗಸರ ಕೀಲುಗಳು ಎಷ್ಟು ಬಾಗುತ್ತವೆ ಎಂದು ಕೋನಮಾಪಕದಿಂದ ಚಿಕಿತ್ಸೆಯ ಮೊದಲೂ ನಂತರವೂ ಗುರುತು ಹಾಕಿಕೊಂಡಳು. ಮೂವತ್ತಾರು ಮಂದಿ ಗುಣವಾಗಿದ್ದರು. ಯಾವ ಆಸ್ಪತ್ರೆಯಾದರೂ ಹೆಮ್ಮೆಪಡುವ ಸಂಖ್ಯೆ.

ಅವಳು ಮಾಡಿದ ತಪ್ಪು ಒಂದೇ. ಚಿಕಿತ್ಸೆಯ ಹೊತ್ತಿನಲ್ಲಿ ಗೋದುಬಾಯಿ ಅವಳಿಗೆ ಪರದೆಯ ಈಚೆ ಕುರ್ಚಿ ಹಾಕಿದ್ದರು.

"ಇಲ್ಲಿ ಕುಂದ್ರವಾ, ಗಾಳಿ ಬರ್ತೈತಿ."

"ಬ್ಯಾಡ್ರಿ ಕಾಕೂ, ಉಸ್ತಾದ್ರ ಮಾತು ಅಕ್ಷರ ಬಿಡದಂಗ ಬರಕೋಬೇಕು. ವಿದ್ಯಾ ಆ ಕಡೆ ಐತಿ," ಎಂದು ಕುರ್ಚಿಯನ್ನು ಎತ್ತಿಕೊಂಡು ಆಚೆ ಹೋದಳು.

ಗೋದುಬಾಯಿ ಒತ್ತಾಯ ಮಾಡಲಿಲ್ಲ. ಅಂದಿನಿಂದ ಉಸ್ತಾದರು ಏಳುತ್ತಲೇ ಮಧುಮತಿಯೂ ಅವರ ಹಿಂದೆ ಎದ್ದು ಹೋಗುತ್ತಿದ್ದಳು.

ಬರೆದುಕೊಂಡದ್ದನ್ನು ಮಧುಮತಿ ತನ್ನ ಶಿಬಿರದಲ್ಲಿ ಆರು ಹೆಂಗಸರ ಮೇಲೆ ಯಥಾವತ್ತಾಗಿ ಮಾಡಿದಳು. ನಾಲ್ವರಿಗೆ ನೋವು ಹೆಚ್ಚಾಯಿತು, ಒಬ್ಬಳಿಗೆ ಇದ್ದಷ್ಟೇ ಉಳಿಯಿತು, ಆರನೆಯವಳು ಒಂದೇ ಚಪ್ಪಲಿಯಲ್ಲಿ ಓಡಿಹೋದಳು. ವಿಧಾನ ಸರಿ, ಫಲಿತಾಂಶ ಮೂವತ್ತಾರು ಸಲ ಕಣ್ಣಿಗೆ ಕಂಡಿದೆ. ಹಾಗಾದರೆ ದೋಷ ತನ್ನ ಕೈಯಲ್ಲಿರಬೇಕು. ಅವಳು ಮರಳಿನ ಚೀಲವೊಂದನ್ನು ಕೊಠಡಿಯಲ್ಲಿ ಇಟ್ಟುಕೊಂಡು ಝಟಕಾ ಅಭ್ಯಾಸ ಮಾಡತೊಡಗಿದಳು.

ಆ ಹೊತ್ತಿಗೆ ರುಬಿನಾಳ ಮೊಣಕಾಲು ಉಳುಕಿತು.

ರುಬಿನಾ ಹಳಿಯಾಳ ತಾಲ್ಲೂಕಿನ ಕಾಡಂಚಿನ ಸಿದ್ದಿಯರ ಊರಿನವಳು, ವಯಸ್ಸು ಇಪ್ಪತ್ತೆರಡು. ಅರಣ್ಯ ಇಲಾಖೆಯ ಗಾರ್ಡ್ ಕೆಲಸಕ್ಕೆ ಅರ್ಜಿ ಹಾಕಿದ್ದಳು. ದೈಹಿಕ ಸಾಮರ್ಥ್ಯದ ಪರೀಕ್ಷೆಗೆ ಕರೆ ಬಂದಿತ್ತು: ಓಟ, ಗುಂಡು ಎಸೆತ, ಉದ್ದ ಜಿಗಿತ. "ಇಷ್ಟ ವರ್ಷ ಕಟ್ಟಿಗಿ ಹೊರಿ ಹೊತ್ತು ಗಾರ್ಡ್ ಬಂದ್ರ ಓಡ್ತಿದ್ದೆ. ಈಗ ಗಾರ್ಡ್ ಆಗಾಕ ಓಡ್ಬೇಕು," ಎಂದು ನಗುತ್ತಿದ್ದಳು. ಶಾಲೆಯ ಮೈದಾನದಲ್ಲಿ ಜಿಗಿತದ ಅಭ್ಯಾಸ ಮಾಡುವಾಗ ಬಲ ಮೊಣಕಾಲು ಒಳಕ್ಕೆ ಬಾಗಿ ಬಿದ್ದಳು. ಶಿಬಿರಕ್ಕೆ ಬಂದ ಅವಳನ್ನು ಮಧುಮತಿ ಮೂಳೆ ಡಾಕ್ಟರಿಗೆ ತೋರಿಸಿದಳು. ಒಳಬದಿಯ ಕಟ್ಟು, ಅಂದರೆ ಲಿಗಮೆಂಟು, ಹಿಗ್ಗಿದೆ, ಹರಿದಿಲ್ಲ. ಸರಿಯಾಗಿ ನೋಡಿಕೊಂಡರೆ ಏಳು ವಾರಕ್ಕೆ ಜಿಗಿಯಬಹುದು. ಒಂದು ತಪ್ಪು ಎಳೆತ ಬಿದ್ದರೆ ಆಪರೇಷನ್ ಎಂದರು ಡಾಕ್ಟರು. ಪರೀಕ್ಷೆಗೆ ಇದ್ದದ್ದು ಏಳು ವಾರ, ಎರಡು ದಿನ. ಮತ್ತೆ ನೇಮಕ ಯಾವಾಗ ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಮರಳಿನ ಚೀಲದ ಮೇಲೆ ಮಾಡಿದ ಅಭ್ಯಾಸದಲ್ಲಿ ಇನ್ನೂ ವಿಶ್ವಾಸ ಬಾರದ ಮಧುಮತಿ, ರುಬಿನಾಳನ್ನು ಶನಿವಾರ ಉಸ್ತಾದರಲ್ಲಿಗೇ ಕರೆತಂದಳು.

ಗೋಡೆಗೆ ಮುಖ ಮಾಡಿ ಕುಳಿತ ಉಸ್ತಾದರು ಎಲ್ಲವನ್ನೂ ಕೇಳಿಸಿಕೊಂಡರು. ಜಿಗಿತ, ಮೈದಾನ, ಪರೀಕ್ಷೆ. ಮುಖ ಅರಳಿತು.

"ಇದು ಹೆಣಮಕ್ಕಳ ಬ್ಯಾನಿ ಅಲ್ಲ. ಇದು ಪೈಲ್ವಾನನ ಮೊಣಕಾಲು. ಪೈಲ್ವಾನ ಅಂದ ಮ್ಯಾಲ ಗಂಡೇನು, ಹೆಣ್ಣೇನು? ಗೋದಾ, ಸರಿ ಅತ್ಲಾಗ. ನಾನ ಕೈ ಹಚ್ಚತೇನಿ."

ಇಪ್ಪತ್ತಾರು ವರ್ಷಗಳಲ್ಲಿ ಮೊದಲ ಸಲ ಉಸ್ತಾದರು ಹೇಳಿದ್ದು ಒಬ್ಬ ಹೆಂಗಸಿನ ಮೈಮೇಲೆ ನಿಜವಾಗಿ ನಡೆಯುವುದರಲ್ಲಿತ್ತು. ಮಧುಮತಿ ವಿಡಿಯೋ ಮಾಡಲು ಮೊಬೈಲ್ ತೆಗೆದಳು.

"ಇವತ್ತ ಶನಿವಾರ ರೀ. ಎಣ್ಣಿ ಹಚ್ಚಬಾರದು," ಎಂದರು ಗೋದುಬಾಯಿ.

"ಇಪ್ಪತ್ತಾರ ವರ್ಸಾತು ಶನಿವಾರ ಹಚ್ಚಾಕತ್ತಿ."

"ಎಣ್ಣಿ ತೀರೇತಿ."

"ಗರಡ್ಯಾಗ ಡಬ್ಬಿ ಐತಿ."

ಉಸ್ತಾದರು ಎದ್ದು ಹೋಗಿ ಎಣ್ಣೆ ತಂದರು. ಅವರ ಹೆಜ್ಜೆ ಪರದೆಯ ಹತ್ತಿರ ಬರುತ್ತಿದ್ದಂತೆ ಗೋದುಬಾಯಿ ಬೇರೇನೂ ತೋಚದೆ ಎರಡು ಹುಣಸೆಕಾಯಿಗಳನ್ನು ಒಟ್ಟಿಗೆ ಮುರಿದರು.

"ಕುಂತತ್ರಿ. ತಾನ ಕುಂತತು."

"ನಾ ಇನ್ನೂ ಮುಟ್ಟಿಲ್ಲಲ," ಎಂದು ಉಸ್ತಾದರು ಪರದೆ ಸರಿಸಿದರು, ಕಣ್ಣು ತೆರೆದೇ.

ದಿಂಬಿನ ಮೇಲೆ ಕಾಲಿಟ್ಟುಕೊಂಡ ಹುಡುಗಿ. ಮೂಲೆಯಲ್ಲಿ ನಡುವೆ ತಗ್ಗು ಬಿದ್ದ ಹೊಟ್ಟಿನ ಚೀಲ. ಹೆಂಡತಿಯ ಎರಡೂ ಕೈಯಲ್ಲಿ ಹುಣಸೆ ಸಿಪ್ಪೆ.

ಗೋದುಬಾಯಿ ಸಿಪ್ಪೆ ಕೆಳಗಿಟ್ಟು ರುಬಿನಾಳ ಮೊಣಕಾಲನ್ನು ಎರಡೂ ಅಂಗೈಯಿಂದ ಮುಚ್ಚಿದರು.

"ಮುಟ್ಟಬ್ಯಾಡ್ರಿ. ಝಟಕಾ ಕೊಟ್ರ ಈ ಹುಡುಗಿ ನೌಕರಿ ಹೋಗತೈತಿ."

"ಎಷ್ಟ ಮಂದಿಗಿ ಕೊಟ್ಟೇನಿ ನಾ. ನಲವತ್ತೊಂದ ಮಂದಿಗಿ ಈ ಮೇಡಂ ಅಳದಾಳ."

"ಒಬ್ಬಾಕಿಗೂ ಕೊಟ್ಟಿಲ್ರಿ. ನೀವು ಹೇಳಿದ್ದು ನಾ ಒಂದ ಸಲಾನೂ ಮಾಡಿಲ್ಲ."

ಉಸ್ತಾದರು ನಕ್ಕರು. ಹೆಂಡತಿಗೆ ಬಿಸಿಲು ಬಡಿದಿರಬೇಕು ಎಂದುಕೊಂಡರು. ಆಗ ಪಕ್ಕದ ಕಿಟಕಿಯ ಆಚೆಯಿಂದ, ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ ಗುರುಸಿದ್ದವ್ವ ಬಾಯಿ ಹಾಕಿದಳು.

"ಖರೇ ಐತ್ರಿ ಉಸ್ತಾದ್ರ. ನನ್ನ ಬೆನ್ನ ಮ್ಯಾಲ ಯಾರೂ ನಿಂತಿಲ್ಲ. ಆ ಹೊಟ್ಟಿನ ಚೀಲದ ಮ್ಯಾಲ ನಿಂತಿದ್ಲು. ಚೀಲ ಮೂರ ಸಲ ಬದಲಿ ಮಾಡ್ಯಾಳ."

ಮಧುಮತಿ ಮೊಬೈಲ್ ಕೆಳಗಿಳಿಸಿದಳು. ಗೋದುಬಾಯಿ ಕಪಾಟಿನಿಂದ ಅಳತೆ ಪುಸ್ತಕ ತೆಗೆದು ಅವಳ ಕೈಗೆ ಕೊಟ್ಟರು. ಮಧುಮತಿ ತನ್ನ ಹಾಳೆಗಳನ್ನು ಪಕ್ಕಕ್ಕಿಟ್ಟುಕೊಂಡು ಹೆಸರಿಗೆ ಹೆಸರು, ತಾರೀಕಿಗೆ ತಾರೀಕು ಹೊಂದಿಸುತ್ತಾ ಹೋದಳು. ತಾನು ಕೋನ ಅಳೆದ ವಾರಗಳಲ್ಲೇ ಗೋದುಬಾಯಿ ತೋಳಿನ, ತೊಡೆಯ ಸುತ್ತಳತೆ ಬರೆದಿದ್ದರು. ಕೆಲಸ ಬಿಟ್ಟು ಸೊರಗಿದ ಸ್ನಾಯು ಕಾಲು ಇಂಚು, ಅರ್ಧ ಇಂಚು ಎಂದು ವಾಪಸ್ ತುಂಬಿಕೊಂಡದ್ದು ಪುಟದ ಮೇಲೆ ಕಾಣುತ್ತಿತ್ತು. ಅಂಚಿನಲ್ಲಿ ಸಣ್ಣ ಅಕ್ಷರದ ಟಿಪ್ಪಣಿಗಳು: 'ಒಲಿ ಎತ್ತರ ಮಾಡಿಸಬೇಕು', 'ಕೂಸು ಬಲಕ್ಕ', 'ಬೆಳ್ಳುಳ್ಳಿ'. ನಲವತ್ತೊಂದರಲ್ಲಿ ಬೈಠಕ್ ಒಂದೂ ಇರಲಿಲ್ಲ.

"ನಾ ಪರದೆ ಯಾವ ಕಡೆ ಕುಂತಿದ್ದೆ ಕಾಕೂ," ಎಂದಳು ಮೆಲ್ಲಗೆ.

"ಗಾಳಿ ಇಲ್ಲದ ಕಡೆ," ಎಂದರು ಗೋದುಬಾಯಿ.

ಉಸ್ತಾದರು ಮಣೆಯ ಮೇಲೆ ಕುಳಿತರು. ಎಣ್ಣೆಯ ಡಬ್ಬಿಯನ್ನು ಕೆಳಗಿಟ್ಟು ಕೇಳಿದರು.

"ಹಂಗಾರ ಇಷ್ಟ ವರ್ಸ ನಾ ಗ್ವಾಡಿ ಜೋಡಿ ಮಾತಾಡಿದ್ನೇನು?"

"ಗ್ವಾಡಿ ಕಡೆ ಮಾರಿ ಮಾಡಿದ್ದು ನೀವ ರೀ."

"ಒಂದ ಮಾತು ಹೇಳಬೇಕಿಲ್ಲ?"

"ಹೇಳಿದ್ರ ನೀವು ಪರದೆ ತಗೀತಿದ್ರಿ. ಉಸ್ತಾದ್ರ ಕಡೆ ಹೊಂಟೇನಿ ಅಂದ್ರ ಅವರನ್ನ ಮನ್ಯಾಗ ಬಿಡ್ತಾರ. ಜಂಪರ್ ಹೊಲ್ಯಾಕಿ ಕಡೆ ಸೊಂಟ ತೋರ್ಸಾಕ ಹೊಂಟೇನಿ ಅಂದ್ರ ಯಾರ ಬಿಡ್ತಾರ?"

ಉಸ್ತಾದರು ಎಣ್ಣೆಯ ಡಬ್ಬಿ ಎತ್ತಿಕೊಂಡರು. ಎದ್ದು ಗರಡಿಗೆ ಹೋದವರು ಮೂರು ದಿನ ಊಟಕ್ಕೆ ಬಿಟ್ಟರೆ ಮನೆಯೊಳಗೆ ಬರಲಿಲ್ಲ. ಗರಡಿಯ ಪೈಲ್ವಾನರಿಗೆ ಯಾರಿಗೂ ಬೈಠಕ್ ಹೇಳಲಿಲ್ಲ. ಪೈಲ್ವಾನರು ಏನು ಮಾಡಬೇಕೆಂದು ತಿಳಿಯದೆ ಮಣ್ಣು ಹದಮಾಡಿದರು, ಮತ್ತೆ ಹದಮಾಡಿದರು. ಈ ಮೂರು ದಿನ ರುಬಿನಾ ಗುರುಸಿದ್ದವ್ವನ ಪಡಸಾಲೆಯಲ್ಲಿ ಕುಳಿತು ತೊಡೆಯ ಸ್ನಾಯು ಬಿಗಿಹಿಡಿದು ಹತ್ತು ಎಣಿಸಿ ಬಿಡುತ್ತಿದ್ದಳು. ಏಳು ವಾರದಲ್ಲಿ ಮೂರು ದಿನವೂ ಲೆಕ್ಕಕ್ಕೆ ಬರುತ್ತದೆ.

ಬುಧವಾರ ಮೂರು ಗಂಟೆಗೆ ಸರಿಯಾಗಿ ಉಸ್ತಾದರು ಬಂದು ಪರದೆಯ ಆಚೆ ಕುಳಿತರು.

"ನಾ ಹೇಳಾಂವ," ಎಂ‍ದರು.

"ಹೇಳ್ರಿ," ಎಂದರು ಗೋದುಬಾಯಿ.

"ನೀ ಮಾಡಬ್ಯಾಡ."

"ಇಲ್ರಿ, ಮಾಡೂದಿಲ್ಲ."

ಮಧುಮತಿ ತನ್ನ ಕುರ್ಚಿಯನ್ನು ಈಚೆ ತಂದುಕೊಂಡಳು. ಹೊಸ ಪುಸ್ತಕದಲ್ಲಿ ಪುಟದ ನಡುವೆ ಗೆರೆ ಎಳೆದು ಎಡಕ್ಕೆ 'ಹೇಳಿದ್ದು', ಬಲಕ್ಕೆ 'ಮಾಡಿದ್ದು' ಎಂದು ಬರೆದಳು. ಪದ್ಧತಿ ಮುರಿಯಬಾರದೆಂದು ಎಡಭಾಗವನ್ನೂ ಪ್ರತಿ ಸಲ ತುಂಬುತ್ತಿದ್ದಳು. ಮೊದಲ ದಿನದ ನಮೂದು ಹೀಗಿತ್ತು: ಹೇಳಿದ್ದು, ನೂರು ಬೈಠಕ್. ಮಾಡಿದ್ದು, ಬಚ್ಚಲ ಮೆಟ್ಟಿಲಿನಿಂದ ಹತ್ತು ಸಲ ನಿಧಾನವಾಗಿ ಇಳಿಯುವುದು. ಮೊಣಕಾಲು ಕಾಲಿನ ಎರಡನೆಯ ಬೆರಳಿನ ನೇರಕ್ಕೆ ಇರಬೇಕು.

ರುಬಿನಾ ಹೊಸಿಲು ದಾಟುವುದನ್ನು ನೋಡಿದಾಗಲೇ ಗೋದುಬಾಯಿಗೆ ಕಾರಣ ಕಂಡಿತ್ತು. ಕಾಲಿಳಿಸಿದಾಗಲೆಲ್ಲ ಬಲ ಮೊಣಕಾಲು ಒಳಕ್ಕೆ ವಾಲುತ್ತಿತ್ತು. ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು, ಮೊಣಕಾಲನ್ನು ನೇರ ಹಿಡಿಯುವ ಬಲ ಸೊಂಟದ ಪಕ್ಕದಲ್ಲಿರುತ್ತದೆ, ಜಿಗಿದು ಇಳಿಯುವ ರೀತಿಯನ್ನೇ ಮೊದಲಿನಿಂದ ಕಲಿಸಬೇಕು ಎಂದು ಮಧುಮತಿ ತನ್ನ ಓದಿನಿಂದ ವಿವರಿಸಿದಳು. ಗೋದುಬಾಯಿ ಚೂಡಿದಾರದ ಅಳತೆ ತೆಗೆದರು. ಬಲತೊಡೆ ಒಂದು ಇಂಚು ಕಡಿಮೆ. ಆಮೇಲೆ ಮಾಮೂಲಿ ಪ್ರಶ್ನೆಗಳು. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತದೆ ಎಂದು ಗೊತ್ತಾಗಿ ಮಧುಮತಿ ರಕ್ತಪರೀಕ್ಷೆ ಮಾಡಿಸಿ, ಡಾಕ್ಟರಿಂದ ಕಬ್ಬಿಣದ ಗುಳಿಗೆ ಬರೆಸಿಕೊಟ್ಟಳು.

ಕಟ್ಟಿಗೆ ಹೊರೆಯ ಪ್ರಶ್ನೆ ಸುಲಭದ್ದಾಗಿರಲಿಲ್ಲ. ರುಬಿನಾಳ ತಾಯಿ ಆಸಿಫ ಒಂದು ದಿನ ತಾವೇ ಬಂದರು.

"ಏಳು ವಾರ ಈಕಿ ಕುಂತ್ರ ಒಲಿ ಉರಿಯೂದ ಹೆಂಗ ಬಾಯಾರ?"

"ಕುಂದ್ರಸೂದಿಲ್ಲ. ಅರ್ಧ ಹೊರಿ ಕಳಸ್ರಿ. ಇಳಜಾರದಾಗ ಬ್ಯಾಡ, ರಸ್ತಾದಾಗ ಬರಲಿ. ಎರಡ ಸಲ ತರಲಿ."

"ಎರಡ ಸಲ ಹೋದ್ರ ಗಾರ್ಡ್ ಎರಡ ಸಲ ಹಿಡೀತಾನ."

"ಇನ್ನೇಳು ವಾರ ತಡೀರಿ, ಈಕೀನ ನಿಮ್ಮನ್ನ ಹಿಡೀತಾಳ," ಎಂದರು ಗೋದುಬಾಯಿ. ಆಸಿಫ ನಗುತ್ತಾ ಒಪ್ಪಿದರು.

ಮೂರನೆಯ ವಾರದಿಂದ ತಲೆಯ ಮೇಲೆ ಅರ್ಧ ಕೊಡ ನೀರಿಟ್ಟುಕೊಂಡು ಮೆಟ್ಟಿಲು ಇಳಿಯುವುದು. ಸೊಂಟ ಒಂದು ಕಡೆ ವಾಲಿದರೆ ನೀರು ತುಳುಕುತ್ತದೆ. ಬೇರೆ ಮಾಪಕ ಬೇಕಾಗಲಿಲ್ಲ. ಐದನೆಯ ವಾರ ತೊಡೆಯ ವ್ಯತ್ಯಾಸ ಕಾಲು ಇಂಚಿಗೆ ಇಳಿದಾಗ ಸಣ್ಣ ಜಿಗಿತ ಆರಂಭವಾಯಿತು. ಹಿಮ್ಮಡಿ ಧಪ್ಪೆಂದು ಕುಟ್ಟಬಾರದು, ಸೊಂಟ ಮೊಣಕಾಲು ಎರಡೂ ಮಡಚಿ ಭಾರವನ್ನು ನುಂಗಬೇಕು ಎಂದಳು ಮಧುಮತಿ. ನುಂಗಿತೋ ಇಲ್ಲವೋ ತಿಳಿಯುವುದು ಹೇಗೆ? ಸದ್ದು ಕಡಿಮೆಯಾಗಬೇಕು.

ಮೂವರೂ ಪರದೆಯ ಕಡೆ ನೋಡಿದರು. ಸದ್ದು ಕೇಳುವುದರಲ್ಲಿ ಇಪ್ಪತ್ತಾರು ವರ್ಷಗಳ ಅಭ್ಯಾಸ ಇದ್ದವರು ಆ ಮನೆಯಲ್ಲಿ ಒಬ್ಬರೇ.

"ರೀ, ಈಗ ಈಕಿ ಜಿಗೀತಾಳ. ಕೇಳಿಸ್ತು ಅಂದ್ರ ಹೇಳ್ರಿ," ಎಂದರು ಗೋದುಬಾಯಿ.

ರುಬಿನಾ ಜಿಗಿದಳು.

"ಕೇಳಿಸ್ತು," ಎಂದರು ಉಸ್ತಾದರು. "ಬಲಗಾಲು ಹಿಂದಾಗಡೆ ಬಿತ್ತು. ಎಡಗಾಲಿನ ಮ್ಯಾಲ ಭಾರ ಹಾಕ್ಯಾಳ. ಅಂಜ್ಯಾಳ."

ಮಧುಮತಿ ಬರೆಯುವುದನ್ನು ನಿಲ್ಲಿಸಿದಳು. ಅದು ಅಕ್ಷರಶಃ ಸರಿಯಾಗಿತ್ತು. ಉಸ್ತಾದರಿಗೂ ಆಶ್ಚರ್ಯವಾದಂತಿತ್ತು, ಅಂದಿನಿಂದ ಮಣೆಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡು ಕಿವಿಯನ್ನು ಸೀರೆಗೆ ತಾಗಿಸಿ ಕುಳಿತರು. ವ್ಯಾಯಾಮ ಹೇಳುವುದನ್ನು ಬಿಡಲಿಲ್ಲ, ಆದರೆ ಹೇಳಿ ಮುಗಿಸುವ ಆತುರವಿತ್ತು. "ನೂರ ಬೈಠಕ್, ಐತಿ, ಬರ್ಕೋರಿ. ಹೂಂ, ಜಿಗಸ್ರಿ."

ಆರನೆಯ ವಾರದ ಶನಿವಾರ ಅವರು ತಾಳ್ಮೆಗೆಟ್ಟು ಕೇಳಿದರು.

"ಯಾಕ ತಡಾ? ಜಿಗಿ ಅಂದ್ರ ಜಿಗೀಬೇಕು."

"ಮೂರ ಸಲ ಜಿಗದೆ ಕಾಕಾ," ಎಂದಳು ರುಬಿನಾ.

ಪರೀಕ್ಷೆ ಶಿರಸಿಯಲ್ಲಿತ್ತು. ಬೆಳಗಿನ ಬಸ್ಸಿಗೆ ನಾಲ್ವರೂ ಹೋದರು. ಮೈದಾನದ ತಂತಿ ಬೇಲಿಯ ಹೊರಗೆ ಗೋದುಬಾಯಿ, ಮಧುಮತಿ, ಉಸ್ತಾದರು. ಒಳಗೆ ಎದೆಗೆ ನಂಬರ್ ಚೀಟಿ ಅಂಟಿಸಿಕೊಂಡ ರುಬಿನಾ. ಓಟ ಸಮಯದೊಳಗೆ ಮುಗಿಯಿತು. ಗುಂಡು ಎಸೆತವೂ ಆಯಿತು. ಕಟ್ಟಿಗೆ ಎಸೆದು ಬೆಳೆದ ಕೈಗೆ ಅದು ಕಷ್ಟವಾಗಲಿಲ್ಲ. ಉಳಿದದ್ದು ಜಿಗಿತ. ಎರಡೂವರೆ ಮೀಟರ್, ಮೂರು ಅವಕಾಶ.

ಮೊದಲನೆಯದರಲ್ಲಿ ಕಾಲು ಗೆರೆ ಮೆಟ್ಟಿತು. ಎರಡನೆಯದು ಎರಡು ಮೀಟರ್ ಮೂವತ್ತೆಂಟು. ರುಬಿನಾ ವಾಪಸ್ ನಡೆದು ಬರುವಾಗ ಬಲಗಾಲನ್ನು ನೋಡಿಕೊಳ್ಳುತ್ತಿದ್ದಳು. ಬಿದ್ದ ದಿನದ ಭಯ ಮತ್ತೆ ಹಿಡಿದಿದೆ ಎಂಬುದು ಬೇಲಿಯ ಹೊರಗಿದ್ದವರಿಗೂ ಕಾಣುತ್ತಿತ್ತು.

"ಎದಿ ಮುಂದ ಹಾಕಿ ಬೀಳು," ಎಂದು ಉಸ್ತಾದರು ಕೂಗಿದರು. "ಹಿಮ್ಮಡ ಊರು, ಜೋರ್ ಊರು."

ರುಬಿನಾ ಗೋದುಬಾಯಿಯ ಕಡೆ ನೋಡಿದಳು. ಗೋದುಬಾಯಿ ತಲೆಯ ಮೇಲೆ ಕೊಡವಿದ್ದಂತೆ ಕೈಯಿಟ್ಟು ತೋರಿಸಿ ಕೈ ಇಳಿಸಿದರು.

ಅವಳು ಓಡಿದಳು, ಗೆರೆಗೆ ನಾಲ್ಕು ಬೆರಳು ಹಿಂದೆ ಕಾಲಿಟ್ಟು ಎದ್ದಳು. ಮರಳಿನಲ್ಲಿ ಎರಡೂ ಪಾದ ಒಟ್ಟಿಗೆ ಇಳಿದವು, ಸೊಂಟ ಮಡಚಿತು, ಮೊಣಕಾಲು ಮಡಚಿತು, ಎರಡೂ ನೇರ. ಟೇಪು ಹಿಡಿದವರು ಎರಡು ಮೀಟರ್ ಐವತ್ತಮೂರು ಎಂದು ಓದಿ, ಮತ್ತೊಮ್ಮೆ ಓದಿ, ಹಾಳೆಯಲ್ಲಿ ಗುರುತು ಹಾಕಿದರು.

ಉಸ್ತಾದರು ನೇರ ಬಸ್‌ಸ್ಟ್ಯಾಂಡಿನ ಚಹಾ ಅಂಗಡಿಗೆ ಹೋದರು. ಅಲ್ಲಿ ಕುಳಿತಿದ್ದ, ಯಾರೆಂದೂ ಗೊತ್ತಿಲ್ಲದ ಐದಾರು ಮಂದಿಗೆ ದೊಡ್ಡ ದನಿಯಲ್ಲಿ ಹೇಳತೊಡಗಿದರು.

"ನಮ್ಮ ಹುಡುಗಿ ರೀ. ಏಳು ವಾರ ನಾನ ಕುಂತು ಹೇಳೇನಿ. ನಾ ಹೇಳಿದ್ದು ಒಂದೂ ಮಾಡ್ಲಿಲ್ಲ ಆಕಿ. ಒಂದ ಒಂದೂ ಮಾಡ್ಲಿಲ್ಲ. ಅದಕ್ಕ ಪಾಸಾದ್ಲು."

ಕೇಳಿದವರಲ್ಲಿ ಒಬ್ಬ ಚಹಾದ ಲೋಟ ಹಿಡಿದುಕೊಂಡೇ, ನೀವು ಏನು ಕಲಿಸುತ್ತೀರಿ ಎಂದು ಕೇಳಿದ. ಉಸ್ತಾದರು ಸ್ವಲ್ಪ ಯೋಚಿಸಿ, "ಕೇಳೂದು," ಎಂದರು.

ಗೋದುಬಾಯಿಗೆ ಅದು ಕೇಳಿಸಲಿಲ್ಲ. ಹಳಿಯಾಳದ ಬಸ್ಸು ಬಂದಿತ್ತು. ಮೊದಲ ಮೆಟ್ಟಿಲು ನೆಲದಿಂದ ಬಹಳ ಎತ್ತರ. ಅವರು ಬಾಗಿಲ ಪಕ್ಕ ನಿಂತು, ರುಬಿನಾ ಬಲಗಾಲಿಟ್ಟು ಹತ್ತುವಾಗ ಮೊಣಕಾಲು ಯಾವ ಕಡೆ ಹೋಗುತ್ತದೆ ಎಂದು ನೋಡುತ್ತಿದ್ದರು. ಎರಡನೆಯ ಬೆರಳಿನ ನೇರಕ್ಕೆ ಹೋಯಿತು. ಆಮೇಲೆ ಅವರೂ ಹತ್ತಿದರು.